ಗಂಟೆಗೆ ಎಷ್ಟು ದುಡಿದೆವು? ಈ ಲೆಕ್ಕ ಬಂದ ದಾರಿ

2023ರ ಅಕ್ಟೋಬರಿನಲ್ಲಿ ಬೆಂಗಳೂರಿನ ಐಟಿ ಹಿರಿಯರೊಬ್ಬರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಭಾರತದ ಉತ್ಪಾದಕತೆ ತೀರಾ ಕಡಿಮೆ ಎಂಬುದು ಅವರು ಕೊಟ್ಟ ಕಾರಣ. ವಾರಗಟ್ಟಲೆ ಜಗಳ ನಡೆಯಿತು. ಈ ಉತ್ಪಾದಕತೆಯನ್ನು ಅಳೆಯುವುದು ಹೇಗೆ ಅಂತ ಕೇಳಿದವರು ಮಾತ್ರ ಕಡಿಮೆ.

ಲೆಕ್ಕವೇನೋ ಸುಲಭ. ದೇಶದ ಜಿಡಿಪಿಯನ್ನು, ಅಂದರೆ ಒಂದು ವರ್ಷದಲ್ಲಿ ತಯಾರಾದ ಸರಕು-ಸೇವೆಗಳ ಒಟ್ಟು ಮೌಲ್ಯವನ್ನು, ಜನ ದುಡಿದ ಒಟ್ಟು ಗಂಟೆಗಳಿಂದ ಭಾಗಿಸಬೇಕು. ದಿನಕ್ಕೆ ಎರಡು ಗಂಟೆ ಜಾಸ್ತಿ ಕೂತರೆ ಕೆಳಗಿನ ಅಂಕಿ ಉಬ್ಬುವುದಂತೂ ಖಾತ್ರಿ. ಮೇಲಿನದ್ದೂ ಅಷ್ಟೇ ಉಬ್ಬುತ್ತದೆಯೇ ಎಂಬುದು ಬೇರೆ ಮಾತು.

ದೇಶದ ಆದಾಯವನ್ನು ಲೆಕ್ಕ ಹಾಕುವ ಕೆಲಸ ಹಳೆಯದು. ದಾದಾಭಾಯಿ ನವರೋಜಿ 1867-68ರ ಭಾರತಕ್ಕೆ ತಲಾ 20 ರೂಪಾಯಿ ಆದಾಯ ಎಂದು ಲೆಕ್ಕ ಹಾಕಿದ್ದರು. ಆಮೇಲೆ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಈ ಲೆಕ್ಕವನ್ನು ಮುಂದುವರಿಸಿದರು. ಬೆಂಗಳೂರಿನ ಐಸೆಕ್ ಎಂಬ ಸಾಮಾಜಿಕ-ಆರ್ಥಿಕ ಸಂಶೋಧನಾ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಎರಡನೇ ಮಹಾಯುದ್ಧದ ನಂತರ ದೇಶದೇಶಗಳೂ ಈ ಲೆಕ್ಕ ಇಡತೊಡಗಿದವು.

ತೊಡಕು ಶುರುವಾದದ್ದು ಹೋಲಿಸಲು ಹೋದಾಗ. ಮೈಸೂರಿನಲ್ಲೂ ಲಂಡನ್ನಿನಲ್ಲೂ ಕ್ಷೌರಕ್ಕೆ ಅದೇ ಕತ್ತರಿ, ಹೆಚ್ಚುಕಡಿಮೆ ಅದೇ ಅರ್ಧ ಗಂಟೆ. ರೂಪಾಯಿಯನ್ನು ವಿನಿಮಯ ದರದಲ್ಲಿ ಪೌಂಡಿಗೆ ತಿರುಗಿಸಿದರೆ ಲಂಡನ್ನಿನವರು ಎಷ್ಟೋ ಪಟ್ಟು ಚುರುಕು ಅನ್ನಿಸುತ್ತದೆ. ಇದನ್ನು ಸರಿಪಡಿಸಲು 1968ರಲ್ಲಿ ವಿಶ್ವಸಂಸ್ಥೆ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಸೇರಿ ಒಂದು ಯೋಜನೆ ಶುರು ಮಾಡಿದವು. ಮೊದಲ ಸುತ್ತಿನಲ್ಲಿ 1970ರ ಬೆಲೆಗಳನ್ನು ಹಿಡಿದು 10 ದೇಶಗಳನ್ನು ಹೋಲಿಸಿದರು. ಭಾರತವೂ ಅದರಲ್ಲಿತ್ತು. ಒಂದೇ ಬಗೆಯ ವಸ್ತುವಿಗೆ ಎಲ್ಲೆಲ್ಲಿ ಎಷ್ಟು ಬೆಲೆ ಎಂದು ಮಾರುಕಟ್ಟೆ ಸುತ್ತುವುದೇ ಕೆಲಸ. ವಿನಿಮಯ ದರದ ಬದಲು ಆ ಬೆಲೆಗಳನ್ನು ಹಿಡಿದು ದೇಶಗಳ ಆರ್ಥಿಕತೆಯನ್ನು ಹೋಲಿಸುತ್ತಾರೆ. ಆದರೆ ನಾವು ದಿನಾ ಉಣ್ಣುವ ಅಕ್ಕಿ ಇನ್ನೊಂದು ದೇಶದಲ್ಲಿ ಅಪರೂಪದ ಸರಕು. ಇನ್ನು ಸರ್ಕಾರಿ ಶಾಲೆಯ ಪಾಠಕ್ಕೆ ಬೆಲೆಚೀಟಿಯೇ ಇಲ್ಲ, ಹಾಗಾಗಿ ಮೇಷ್ಟ್ರ ಸಂಬಳವನ್ನೇ ಆಧಾರ ಮಾಡಿಕೊಳ್ಳುತ್ತಾರೆ!

ಇದೇ ಯೋಜನೆಯ 2005ರ ಸುತ್ತಿನ ಫಲಿತಾಂಶ ಬಂದಾಗ ಚೀನಾ, ಭಾರತ ಎರಡರ ಆರ್ಥಿಕತೆಯೂ ಹಿಂದಿನ ಅಂದಾಜಿಗಿಂತ ಸುಮಾರು 40% ಚಿಕ್ಕದಾಯಿತು. 2014ರಲ್ಲಿ ಮುಂದಿನ ಸುತ್ತು ಹೊರಬಂತು, ಈ ಅಳತೆಯಲ್ಲಿ ಭಾರತ ಜಪಾನನ್ನು ಹಿಂದಿಕ್ಕಿ ಜಗತ್ತಿನ ಮೂರನೆಯ ದೊಡ್ಡ ಆರ್ಥಿಕತೆಯಾಯಿತು. 40% ಚಿಕ್ಕದಾದಾಗಲಂತೂ ಹೊಲದಲ್ಲಿ, ಕಾರ್ಖಾನೆಯಲ್ಲಿ ಏನೂ ಬದಲಾಗಿರಲಿಲ್ಲ.

ಐರ್ಲೆಂಡಿನದ್ದು ಇನ್ನೂ ತಮಾಷೆ. 2015ರಲ್ಲಿ ಅಲ್ಲಿನ ಜಿಡಿಪಿ ಸುಮಾರು 26% ಜಿಗಿಯಿತು. ಬಹುರಾಷ್ಟ್ರೀಯ ಕಂಪನಿಗಳು ಪೇಟೆಂಟಿನಂಥ ಆಸ್ತಿಯನ್ನು ಆ ದೇಶದ ಲೆಕ್ಕಪುಸ್ತಕಕ್ಕೆ ಸಾಗಿಸಿದ್ದವು, ಅಷ್ಟೇ. ಕೊನೆಗೆ ಆ ದೇಶವೇ ಬೇರೊಂದು ಅಳತೆ ಮಾಡಿಕೊಂಡಿತು.

ಗಂಟೆಗಳ ಕಥೆಯೂ ಹೀಗೇ. ನಮ್ಮಲ್ಲಿ ದುಡಿಯುವ ಬಹುಪಾಲು ಜನಕ್ಕೆ ಹಾಜರಿ ಪುಸ್ತಕವೇ ಇಲ್ಲ, ಸಮೀಕ್ಷೆಯವರು ಕೇಳಿ ಬರೆದುಕೊಂಡದ್ದೇ ಲೆಕ್ಕ. ಗಿರಾಕಿಯಿಲ್ಲದೆ ಕಿರಾಣಿ ಅಂಗಡಿಯಲ್ಲಿ ಸುಮ್ನೆ ಕೂತ ಮಧ್ಯಾಹ್ನದ ಗಂಟೆ ಅದರಲ್ಲಿ ಸೇರುತ್ತದೆ. ಅದೇ ಅಂಗಡಿಯ ಹಿಂದಿನ ಮನೆಯಲ್ಲಿ ಅಡುಗೆ ಮಾಡಿದ ಗಂಟೆ ಸೇರುವುದಿಲ್ಲ.