ಸೂಕ್ಷ್ಮಾಣು ಕೊಲ್ಲುವ ಪಾಲಿಮರ್: ಕಪ್ಪೆಯ ಚರ್ಮದಿಂದ ಜಕ್ಕೂರಿನವರೆಗೆ

ರೋಗಿಯ ಮೂತ್ರಕೋಶಕ್ಕೆ ಇಳಿಸಿದ ಕ್ಯಾತಿಟರ್ ನಳಿಕೆಯ ಮೇಲೆ ಒಮ್ಮೆ ನೆಲೆಯೂರಿದ ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಲೋಳೆಯ ಕೋಟೆ ಕಟ್ಟಿಕೊಳ್ಳುತ್ತವೆ. ಅದರೊಳಗಿರುವ ಅವುಗಳಿಗೆ ಆಂಟಿಬಯಾಟಿಕ್ ಸುಲಭವಾಗಿ ನಾಟುವುದಿಲ್ಲ. ಎಷ್ಟೋ ಸಲ ನಳಿಕೆಯನ್ನೇ ಬದಲಿಸಬೇಕಾಗುತ್ತದೆ. ಆ ಪ್ಲಾಸ್ಟಿಕ್ಕೇ ಬ್ಯಾಕ್ಟೀರಿಯಾಗಳನ್ನು ಕೊಲ್ಲುವಂತಿದ್ದರೆ?

ಬೆಳ್ಳಿಯನ್ನೋ ಟ್ರೈಕ್ಲೋಸಾನ್ ಎಂಬ ಸೂಕ್ಷ್ಮಾಣುನಾಶಕ ರಾಸಾಯನಿಕವನ್ನೋ ಪ್ಲಾಸ್ಟಿಕ್‌ನಲ್ಲಿ ಬೆರೆಸಿ, ಅದು ಮೆಲ್ಲಗೆ ಒಸರುವಂತೆ ಮಾಡುವುದು ಒಂದು ಉಪಾಯ. ಆದರೆ ಒಸರಿ ಮುಗಿದ ದಿನ ಅದರ ಕೆಲಸವೂ ಮುಗಿಯುತ್ತದೆ. ಅಷ್ಟೇ ಅಲ್ಲ, ಚೂರುಚೂರೇ ಸಿಗುವ ವಿಷಕ್ಕೆ ಒಗ್ಗಿಕೊಳ್ಳಲು ಬ್ಯಾಕ್ಟೀರಿಯಾಗಳಿಗೆ ಬಿಡುವು ಸಿಗುತ್ತದೆ. ಈ ವಿಚಾರದಲ್ಲಿ ನನಗೆ ಭರವಸೆ ಮೂಡಿಸುವುದು ಇನ್ನೊಂದು ದಾರಿ: ಏನನ್ನೂ ಒಸರದೆ, ಮುಟ್ಟಿದ ಬ್ಯಾಕ್ಟೀರಿಯಾದ ಪೊರೆಯನ್ನೇ ಹರಿದುಹಾಕುವ ಪಾಲಿಮರ್, ಅಂದರೆ ಚಿಕ್ಕ ಅಣುಗಳು ಸರಪಳಿಯಂತೆ ಕೂಡಿ ಆದ ಉದ್ದನೆಯ ಅಣು.

ಇದರ ಬೇರು ಹಳೆಯದು. ಸಲ್ಫಾ ಔಷಧದಿಂದ ಹೆಸರಾದ ಜರ್ಮನಿಯ ಗೆರ್ಹಾರ್ಡ್ ಡೊಮಾಕ್, 1935ರಲ್ಲಿ ಕ್ವಾಟರ್ನರಿ ಅಮೋನಿಯಂ ಸಂಯುಕ್ತಗಳ ಸೋಂಕುನಿವಾರಕ ಗುಣವನ್ನು ತೋರಿಸಿದರು. ಧನ ವಿದ್ಯುದಂಶವುಳ್ಳ ತಲೆ, ಎಣ್ಣೆಯೊಡನೆ ಬೆರೆಯುವ ಬಾಲ. ಇದು ಆ ಅಣುವಿನ ರೂಪ. ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಋಣ ವಿದ್ಯುದಂಶವಿರುವುದರಿಂದ ತಲೆ ಅತ್ತ ಸೆಳೆಯಲ್ಪಡುತ್ತದೆ, ಬಾಲ ಕೊಬ್ಬಿನ ಪೊರೆಯೊಳಗೆ ನುಗ್ಗುತ್ತದೆ, ಪೊರೆ ಬಿರಿಯುತ್ತದೆ. ಸೂಕ್ಷ್ಮಾಣುನಾಶಕ ಪಾಲಿಮರ್‌ಗಳ ಬಗ್ಗೆ ವರದಿಗಳು 1965ರಿಂದಲೇ ಬರತೊಡಗಿದವು.

ಆದರೆ ಆ ಅಣುವಿಗೆ ನಮ್ಮ ಜೀವಕೋಶವನ್ನು ಉಳಿಸುವ ವಿವೇಕವನ್ನು ಕಲಿಸುವುದು ಹೇಗೆ? ಇದಕ್ಕೆ ಸುಳಿವು ಸಿಕ್ಕಿದ್ದು ಕಪ್ಪೆಯಿಂದ. ಅಮೆರಿಕದ ಮೈಕೆಲ್ ಜಾಸ್ಲಾಫ್ ಸಂಶೋಧನೆಗಾಗಿ ಆಫ್ರಿಕಾದ ಕಪ್ಪೆಗಳಿಗೆ ಶಸ್ತ್ರಕ್ರಿಯೆ ಮಾಡಿ, ಹೊಲಿಗೆ ಹಾಕಿ, ಮತ್ತೆ ಕೊಳಕು ನೀರಿಗೇ ಬಿಡುತ್ತಿದ್ದರು. ಗಾಯ ಕೀವಾಗದೆ ಮಾಯುತ್ತಿತ್ತು. ಎಲ್ಲರೂ ನೋಡಿ ಸುಮ್ಮನಾಗುವಂಥ ಈ ಸಂಗತಿಯ ಬೆನ್ನುಹತ್ತಿದ ಅವರು, 1987ರಲ್ಲಿ ಕಪ್ಪೆಯ ಚರ್ಮದಲ್ಲಿನ ಮ್ಯಾಗೈನಿನ್ ಎಂಬ ಪೆಪ್ಟೈಡ್‌ಗಳನ್ನು, ಅಂದರೆ ಪ್ರೋಟೀನಿನ ಪುಟ್ಟ ತುಣುಕುಗಳಂಥ ಅಣುಗಳನ್ನು, ವರದಿ ಮಾಡಿದರು. ಅವೂ ಧನ ವಿದ್ಯುದಂಶವುಳ್ಳವೇ. ಮನುಷ್ಯನ ಜೀವಕೋಶದ ಹೊರಪೊರೆ ಬಹುಪಾಲು ತಟಸ್ಥ, ಅದರಲ್ಲಿ ಕೊಲೆಸ್ಟೆರಾಲ್ ಕೂಡ ಇದೆ. ಹಾಗಾಗಿ ಇವು ಅದಕ್ಕಿಂತ ಬ್ಯಾಕ್ಟೀರಿಯಾದ ಪೊರೆಯ ಮೇಲೆಯೇ ಹೆಚ್ಚು ಎರಗುತ್ತವೆ. ತಲೆ ಮತ್ತು ಬಾಲಗಳ ಈ ತೂಕವನ್ನು ಅಗ್ಗದ ಪಾಲಿಮರ್‌ನಲ್ಲಿ ಹೊಂದಿಸುವ ಯತ್ನ ಆಮೇಲೆ ಬಿರುಸಾಯಿತು. ಬಾಲ ಹೆಚ್ಚಾದರೆ ನಮ್ಮ ಕೆಂಪು ರಕ್ತಕಣಗಳೂ ಒಡೆಯುತ್ತವೆ.

2001ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ (ಎಂಐಟಿ) ಅಲೆಕ್ಸಾಂಡರ್ ಕ್ಲಿಬನೋವ್ ತಂಡ ಇಂಥ ಪಾಲಿಮರನ್ನು ಗಾಜಿಗೆ ರಾಸಾಯನಿಕವಾಗಿ ಬೆಸೆಯಿತು. ಅದರ ಮೇಲೆ ಸಿಂಪಡಿಸಿದ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾಗಳಲ್ಲಿ ಶೇ 90ಕ್ಕೂ ಹೆಚ್ಚು ಸತ್ತವು. ಇದೇ ತಂಡ 2006ರಲ್ಲಿ ಇನ್‌ಫ್ಲುಯೆಂಜಾ ವೈರಸ್ಸನ್ನೂ ನಿಷ್ಕ್ರಿಯಗೊಳಿಸುವ ಲೇಪನವನ್ನು ಪ್ರಕಟಿಸಿತು. ಆ ಪ್ರಬಂಧದ ಮೊದಲ ಲೇಖಕ ಜಯಂತ ಹಲ್ದಾರ್ ಈಗ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿದ್ದಾರೆ. ಬಟ್ಟೆ, ಪ್ಲಾಸ್ಟಿಕ್‌ಗಳಿಗೆ ನೇರಳಾತೀತ ಬೆಳಕಿನಿಂದ ಬೆಸೆಯಬಲ್ಲ ಲೇಪನವೊಂದನ್ನು ಅವರ ತಂಡ ಕೋವಿಡ್ ಕಾಲದಲ್ಲಿ, 2020ರಲ್ಲಿ ಮುಂದಿಟ್ಟಿತು. ಅದು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳನ್ನೂ ಕೊಲ್ಲುತ್ತಿತ್ತು.

ಒಂದು ತೊಡಕು ಮಾತ್ರ ಸಂಶೋಧಕರನ್ನು ಇಂದಿಗೂ ಕಾಡುತ್ತಿದೆ. ಸತ್ತ ಬ್ಯಾಕ್ಟೀರಿಯಾಗಳು, ರಕ್ತದ ಪ್ರೋಟೀನುಗಳು ಮೇಲ್ಮೈಗೆ ಅಂಟಿ ಪದರವಾಗುತ್ತವೆ. ಆಮೇಲೆ ಬಂದ ಬ್ಯಾಕ್ಟೀರಿಯಾಗಳು ಆ ಹೆಣಗಳ ಮೇಲೆ ಕೂತು ಬದುಕುತ್ತವೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಶಾವೊಯಿ ಜಿಯಾಂಗ್ ತಂಡ 2008ರಲ್ಲಿ, ಕೊಂದ ಬಳಿಕ ತನ್ನ ವಿದ್ಯುದಂಶವನ್ನು ತಟಸ್ಥಗೊಳಿಸಿಕೊಂಡು ಹೆಣಗಳನ್ನು ಉದುರಿಸುವ ಪಾಲಿಮರ್ ತಯಾರಿಸಿತು. ಆದರೆ ಅದು ಹಾಗೆ ಬದಲಾಗುವುದು ಒಂದೇ ಸಲ. ಆಮೇಲೆ ಅದಕ್ಕೆ ಕೊಲ್ಲಲು ಬರುವುದಿಲ್ಲ.