ಕಂಟ್ರೋಲ್ ಎಫ್5 ಒತ್ತಿ ಎಂದು ಹೇಳುವುದನ್ನು ನಿಲ್ಲಿಸೋಣ

ಸೈಟಿನ ಹೊಸ ಬಿಲ್ಡ್ (ಹೊಸ ಆವೃತ್ತಿ) ಹಾಕಿದ ದಿನ ಸಪೋರ್ಟ್‌ಗೆ ಫೋನ್ ಬರುತ್ತದೆ. ಬಟನ್ ಕಾಣ್ತಾ ಇಲ್ಲ, ಪೇಜ್ ಪೂರ್ತಿ ಚೆಲ್ಲಾಪಿಲ್ಲಿ ಆಗಿದೆ ಅಂತ. ನಮ್ಮ ಕಡೆಯ ಉತ್ತರ ರೆಡಿ ಇರುತ್ತದೆ: "ಸರ್, ಒಂದ್ಸಲ ಕಂಟ್ರೋಲ್ ಎಫ್5 ಒತ್ತಿ ನೋಡಿ." ಬ್ರೌಸರ್ ಉಳಿಸಿಟ್ಟ ಪ್ರತಿ ಬಿಟ್ಟು ಪೇಜನ್ನು ಮತ್ತೆ ತರಿಸುವ ಕೀ ಅದು. ಎಷ್ಟೋ ಟೀಮ್‌ಗಳಲ್ಲಿ ಹೀಗೆ ಹೇಳುವುದು ರೂಢಿಯೇ ಆಗಿಬಿಟ್ಟಿದೆ. ಇದು ಸರಿಯಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಫೋನ್ ಮಾಡಿದವರಿಗೆ ಹೇಳಬಹುದು, ಫೋನ್ ಮಾಡದೆ ಪೇಜ್ ಮುಚ್ಚಿ ಹೋದವರಿಗೆ ಯಾರು ಹೇಳುತ್ತಾರೆ? ಮೊಬೈಲ್‌ನಲ್ಲಿ ನೋಡುವವರು ಎಲ್ಲಿ ಒತ್ತಬೇಕು? ತಪ್ಪು ಅವರ ಬ್ರೌಸರ್‌ನದ್ದಲ್ಲ. ಪೇಜಿನ ರೂಪ ಹೇಳುವ ಸ್ಟೈಲ್‌ಶೀಟ್ (ಸಿಎಸ್‌ಎಸ್), ಬಟನ್‌ಗಳನ್ನು ಕೆಲಸ ಮಾಡಿಸುವ ಸ್ಕ್ರಿಪ್ಟ್ ಫೈಲ್‌ಗಳನ್ನು ನಾವು ಕೊಡುತ್ತಿರುವ ರೀತಿಯದ್ದು.

ಆಗುವುದಿಷ್ಟೇ. ಎಚ್‌ಟಿಎಂಎಲ್ ಹೊಸದು ಬಂದಿದೆ, ಸಿಎಸ್‌ಎಸ್ ಮಾತ್ರ ಬ್ರೌಸರ್ ಮೊದಲೇ ಉಳಿಸಿಕೊಂಡಿದ್ದ ಹಳೆಯ ಪ್ರತಿ. ಎರಡಕ್ಕೂ ತಾಳಮೇಳ ಇಲ್ಲ. "ನಾವು ಕ್ಯಾಶ್ ಹೆಡರ್ (ಎಷ್ಟು ಕಾಲ ಉಳಿಸಿಕೊಳ್ಳಬೇಕು ಅಂತ ಫೈಲ್ ಜೊತೆ ಹೋಗುವ ಸೂಚನೆ) ಹಾಕಿಯೇ ಇಲ್ಲವಲ್ಲ, ಮತ್ತೆ ಯಾಕೆ ಉಳಿಸಿಕೊಂಡಿತು?" ಅಂತ ತುಂಬಾ ಜನ ಕೇಳುತ್ತಾರೆ. ಹಾಕದೇ ಇದ್ದರೆ ಬ್ರೌಸರ್ ತಾನೇ ಒಂದು ಅಂದಾಜು ಮಾಡಿಕೊಳ್ಳುತ್ತದೆ. ಫೈಲ್ ಕೊನೆಯ ಬಾರಿ ಬದಲಾಗಿ ಎಷ್ಟು ಕಾಲ ಆಗಿದೆಯೋ ಅದರ ಶೇ. 10ರಷ್ಟು ಕಾಲ ಇಟ್ಟುಕೊಳ್ಳಬಹುದು ಎಂಬುದು ಎಚ್‌ಟಿಟಿಪಿ ನಿಯಮಾವಳಿಯೇ ಸೂಚಿಸುವ ಲೆಕ್ಕ. ಅಂದರೆ 100 ದಿನದಿಂದ ಮುಟ್ಟದ ಸಿಎಸ್‌ಎಸ್ ಫೈಲ್ ಇನ್ನೂ 10 ದಿನ ಸರ್ವರ್ ಅನ್ನು ಕೇಳದೆಯೇ ಬಳಕೆಯಾಗಬಹುದು. ಫೈಲ್ ಹಳೆಯದಾದಷ್ಟೂ ಈ ತೊಂದರೆ ಜಾಸ್ತಿ.

ಇದಕ್ಕೆ ಎಲ್ಲರೂ ಮೊದಲು ಹುಡುಕಿಕೊಳ್ಳುವ ದಾರಿ ಅಂದರೆ ಫೈಲ್ ವಿಳಾಸದ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ವರ್ಷನ್ ನಂಬರ್ ಸೇರಿಸುವುದು. ವಿಳಾಸ ಬದಲಾದರೆ ಬ್ರೌಸರ್ ಅದನ್ನು ಹೊಸ ಫೈಲ್ ಅಂತಲೇ ತಿಳಿಯುತ್ತದೆ. ಒಂದೇ ಸರ್ವರ್ ಇದ್ದಾಗ ಹೇಗೋ ನಡೆಯುತ್ತದೆ. ಎರಡು ಸರ್ವರ್, ಮುಂದೆ ಒಂದು ಸಿಡಿಎನ್ (ಫೈಲ್‌ಗಳ ಪ್ರತಿ ಇಟ್ಟುಕೊಂಡು ಹಂಚುವ ಮಧ್ಯದ ಸರ್ವರ್ ಜಾಲ) ಇದೆ ಅಂದುಕೊಳ್ಳಿ. ಮೊದಲ ಸರ್ವರ್‌ಗೆ ಹೊಸ ಕೋಡ್ ಬಂತು, ಎರಡನೆಯದಕ್ಕೆ ಇನ್ನೂ ಬಂದಿಲ್ಲ. ಬಳಕೆದಾರರಿಗೆ ಮೊದಲ ಸರ್ವರ್‌ನಿಂದ ಹೊಸ ಎಚ್‌ಟಿಎಂಎಲ್ ಸಿಕ್ಕಿತು, ಅದು ವರ್ಷನ್ 2ರ ಸಿಎಸ್‌ಎಸ್ ಕೇಳಿತು, ಆ ಕೋರಿಕೆ ಹೋಗಿದ್ದು ಎರಡನೆಯ ಸರ್ವರ್‌ಗೆ. ಅದು ಪ್ರಶ್ನೆ ಚಿಹ್ನೆಯ ಆಚೆ ಏನಿದೆ ಅಂತ ನೋಡುವುದೇ ಇಲ್ಲ, ತನ್ನಲ್ಲಿರುವ ಹಳೆಯ ಫೈಲನ್ನೇ ಕೊಟ್ಟುಬಿಡುತ್ತದೆ. ಸಿಡಿಎನ್ ಅದನ್ನು ವರ್ಷನ್ 2 ಎಂದೇ ಬರೆದಿಟ್ಟುಕೊಂಡು ಆಮೇಲೆ ಬಂದವರಿಗೆಲ್ಲ ಹಂಚುತ್ತದೆ. ಈಗ ಕಂಟ್ರೋಲ್ ಎಫ್5 ಒತ್ತಿದರೂ ಸಿಗುವುದು ಹಳೆಯದೇ. ಇಂಥದ್ದನ್ನು ಹುಡುಕುತ್ತಾ ಕೂತರೆ ಅರ್ಧ ದಿನ ಹೋಗುತ್ತದೆ, ಯಾಕೆಂದರೆ ಸರ್ವರ್‌ಗೆ ಹೋಗಿ ನೋಡುವ ಹೊತ್ತಿಗೆ ಎರಡರಲ್ಲೂ ಫೈಲ್ ಸರಿಯಾಗಿಯೇ ಇರುತ್ತದೆ.

ಗಟ್ಟಿಯಾದ ದಾರಿ ಒಂದೇ. ಫೈಲಿನ ಒಳಗಿರುವುದರಿಂದಲೇ ಹ್ಯಾಶ್ (ಆ ವಿಷಯಕ್ಕೆ ತಕ್ಕ ಗುರುತಿನ ಸಂಕೇತ) ಲೆಕ್ಕ ಹಾಕಿ ಅದನ್ನು ಹೆಸರಿನಲ್ಲೇ ಸೇರಿಸುವುದು. ಆ್ಯಪ್.ಸಿಎಸ್‌ಎಸ್ ಹೋಗಿ ಆ್ಯಪ್-48172930.ಸಿಎಸ್‌ಎಸ್ ಆಗುತ್ತದೆ. ಒಂದು ಅಕ್ಷರ ಬದಲಾದರೂ ಹೆಸರು ಬದಲು, ಏನೂ ಬದಲಾಗದಿದ್ದರೆ ಹೆಸರೂ ಅದೇ. ಇದು ಹೊಸದೇನಲ್ಲ. ವೆಬ್ ಆ್ಯಪ್ ಕಟ್ಟುವ ಫ್ರೇಮ್‌ವರ್ಕ್ ರೈಲ್ಸ್ 2011ರಲ್ಲಿ 3.1 ಆವೃತ್ತಿಯ ಅಸೆಟ್ ಪೈಪ್‌ಲೈನ್ (ಅಸೆಟ್ ಅಂದರೆ ಸಿಎಸ್‌ಎಸ್, ಸ್ಕ್ರಿಪ್ಟ್‌ನಂಥ ಫೈಲ್‌ಗಳು; ಅವನ್ನು ಸಿದ್ಧಪಡಿಸುವ ವ್ಯವಸ್ಥೆ) ಜೊತೆಗೇ ಇದನ್ನು ತಂದಿತ್ತು. ಅಂಥದ್ದೇ ಇನ್ನೊಂದಾದ ಜ್ಯಾಂಗೋದಲ್ಲಿ 2014ರ 1.7ರಿಂದ ಇದಕ್ಕೆ ಮ್ಯಾನಿಫೆಸ್ಟ್ ಸ್ಟ್ಯಾಟಿಕ್ ಫೈಲ್ಸ್ ಸ್ಟೋರೇಜ್ ಇದೆ. ಬಿಲ್ಡ್ ಟೂಲ್ ವೀಟ್ ಬಳಸುವವರಿಗೆ ಏನೂ ಹೇಳದೆಯೇ ಸಿಗುತ್ತದೆ. ರೈಲ್ಸ್ ಕಥೆ ಇಲ್ಲಿ ಗಮನಿಸಬೇಕಾದ್ದು. ಹಳೆಯ ಪೈಪ್‌ಲೈನ್ ಫೈಲ್‌ಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಫೈಲ್ ಮಾಡುತ್ತಿತ್ತು, ಕುಗ್ಗಿಸುತ್ತಿತ್ತು, ಕಂಪೈಲ್ ಮಾಡುತ್ತಿತ್ತು. 2024ರ ರೈಲ್ಸ್ 8ರಲ್ಲಿ ಅದರ ಜಾಗಕ್ಕೆ ಬಂದ ಪ್ರಾಪ್‌ಶಾಫ್ಟ್ ಇವನ್ನೆಲ್ಲ ಕೈಬಿಟ್ಟಿದೆ. ಒಂದೇ ಕನೆಕ್ಷನ್‌ನಲ್ಲಿ ಹತ್ತಾರು ಫೈಲ್ ಒಟ್ಟೊಟ್ಟಿಗೆ ಬರುವ ಎಚ್‌ಟಿಟಿಪಿ 2 ಬಂದ ಮೇಲೆ ಒಟ್ಟುಗೂಡಿಸುವುದು ಮೊದಲಿನಷ್ಟು ಮುಖ್ಯವಾಗಿ ಉಳಿದಿಲ್ಲ. ಆದರೆ ಹೆಸರಿನಲ್ಲಿ ಹ್ಯಾಶ್ ಹಾಕುವ ಕೆಲಸವನ್ನು ಮಾತ್ರ ಅವರು ಬಿಡಲಿಲ್ಲ.

ಹೆಸರು ಹೀಗಾದ ಮೇಲೆ ಹೆಡರ್ ಸುಲಭ. ಹ್ಯಾಶ್ ಇರುವ ಫೈಲ್‌ಗಳಿಗೆ ಕ್ಯಾಶ್ ಕಂಟ್ರೋಲ್ ಹೆಡರ್‌ನಲ್ಲಿ ಮ್ಯಾಕ್ಸ್ ಏಜ್ 31536000, ಅಂದರೆ 365 ದಿನದ ಸೆಕೆಂಡುಗಳು, ಜೊತೆಗೆ ಇಮ್ಯೂಟಬಲ್ (ಇದು ಬದಲಾಗುವುದಿಲ್ಲ ಎಂಬ ಸೂಚನೆ). ಎಚ್‌ಟಿಎಂಎಲ್‌ಗೆ ನೋ ಕ್ಯಾಶ್. ನೋ ಕ್ಯಾಶ್ ಅಂದರೆ ಉಳಿಸಿಕೊಳ್ಳಲೇಬೇಡ ಅಂತಲ್ಲ, ಅದಕ್ಕೆ ನೋ ಸ್ಟೋರ್ ಇದೆ. ಉಳಿಸಿಕೋ, ಆದರೆ ಪ್ರತಿ ಸಲ ನನ್ನನ್ನು ಕೇಳಿಯೇ ಬಳಸು ಅಂತ ಅರ್ಥ. ಬದಲಾಗಿಲ್ಲ ಅಂದರೆ ಸರ್ವರ್ 304 ಅಂತ ಚಿಕ್ಕ ಉತ್ತರ ಕೊಟ್ಟು ಮುಗಿಸುತ್ತದೆ. ಹ್ಯಾಶ್ ಇಲ್ಲದ ಫೈಲ್‌ಗೆ ಮಾತ್ರ ಒಂದು ವರ್ಷದ ಹೆಡರ್ ಹಾಕಬೇಡಿ. ಒಮ್ಮೆ ಹೋದರೆ ವಾಪಸ್ ಕರೆಯಲು ದಾರಿ ಇಲ್ಲ.

ಇಷ್ಟರವರೆಗೆ ತುಂಬಾ ಟೀಮ್‌ಗಳು ಬಂದಿರುತ್ತವೆ. ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಬೆಳಿಗ್ಗೆ ಒಬ್ಬರು ಪೇಜ್ ತೆರೆದು ಅರ್ಜಿ ತುಂಬುತ್ತಿದ್ದಾರೆ. ಮಧ್ಯಾಹ್ನ ನೀವು ಹೊಸ ಬಿಲ್ಡ್ ಸರ್ವರ್‌ಗೆ ಹಾಕಿದಿರಿ, ಅಂದರೆ ಡಿಪ್ಲಾಯ್ ಮಾಡಿದಿರಿ, ಡಿಪ್ಲಾಯ್ ಸ್ಕ್ರಿಪ್ಟ್ ಹಳೆಯ ಫೋಲ್ಡರ್ ಅಳಿಸಿ ಹೊಸದನ್ನು ಇಟ್ಟಿತು. ಈಗ ಅವರು ಮುಂದಿನ ಪುಟಕ್ಕೆ ಹೋಗಲು ಬಟನ್ ಒತ್ತಿದರೆ, ಅವರ ಬ್ರೌಸರ್ ಕೇಳುವುದು ಬೆಳಗಿನ ಹೆಸರಿನ ಸ್ಕ್ರಿಪ್ಟ್ ಅನ್ನು. ಅದು ಸರ್ವರ್‌ನಲ್ಲಿ ಇಲ್ಲ. ಬಟನ್ ಒತ್ತಿದರೂ ಏನೂ ಆಗುವುದಿಲ್ಲ, ತುಂಬಿದ್ದೆಲ್ಲ ಹೋಯಿತು.

ಸಿಂಗಲ್ ಪೇಜ್ ಆ್ಯಪ್‌ಗಳಲ್ಲಿ (ಒಂದೇ ಪುಟ ಲೋಡ್ ಆಗಿ ಮುಂದಿನದೆಲ್ಲ ಸ್ಕ್ರಿಪ್ಟ್ ತೋರಿಸುವಂಥವು) ಇದು ಇನ್ನೂ ಕೆಡುತ್ತದೆ. ಅಲ್ಲಿ ಯಾವ ವಿಳಾಸ ಸಿಗದಿದ್ದರೂ ಇಂಡೆಕ್ಸ್ ಪುಟ ಕೊಡು ಅಂತ ವೆಬ್ ಸರ್ವರ್ ಎಂಜಿನ್‌ಎಕ್ಸ್‌ಗೆ ಹೇಳಿರುತ್ತೇವೆ, ಅಲ್ವಾ? ಹಾಗಾಗಿ ಸ್ಕ್ರಿಪ್ಟ್ ಕೇಳಿದರೆ 404 (ಸಿಗಲಿಲ್ಲ) ಬದಲು 200 (ಸರಿ ಇದೆ) ಜೊತೆ ಎಚ್‌ಟಿಎಂಎಲ್ ಬರುತ್ತದೆ. ಕನ್ಸೋಲ್‌ನಲ್ಲಿ '<' ಚಿಹ್ನೆ ತೋರಿಸಿ ಅನ್‌ಎಕ್ಸ್‌ಪೆಕ್ಟೆಡ್ ಟೋಕನ್ ಎನ್ನುವ ಎರರ್ ನೋಡಿದ್ದರೆ ಅದು ಬಹುಮಟ್ಟಿಗೆ ಇದೇ. ಆ ಫೋಲ್ಡರ್‌ಗೆ ಒಂದು ವರ್ಷದ ಹೆಡರ್ ಬೇರೆ ಹಾಕಿದ್ದರೆ, ಸ್ಕ್ರಿಪ್ಟ್ ಹೆಸರಿನಲ್ಲಿ ಈ ಎಚ್‌ಟಿಎಂಎಲ್ ಬ್ರೌಸರ್‌ನಲ್ಲೂ ಸಿಡಿಎನ್‌ನಲ್ಲೂ ಒಂದು ವರ್ಷದವರೆಗೂ ಕೂರಬಹುದು.

ಹಾಗಾಗಿ ಅಸೆಟ್ ಫೋಲ್ಡರ್‌ಗೆ ಎಂಜಿನ್‌ಎಕ್ಸ್ ಸೆಟ್ಟಿಂಗ್‌ನಲ್ಲಿ ಬೇರೆಯೇ ಲೊಕೇಶನ್ ಬ್ಲಾಕ್ (ಆ ವಿಳಾಸಕ್ಕೆ ಮಾತ್ರದ ನಿಯಮ) ಬರೆದು, ಅಲ್ಲಿ ಫೈಲ್ ಸಿಗದಿದ್ದರೆ ನೇರವಾಗಿ 404 ಕೊಡಿ. ಹಾಗೆ ಮಾಡುವಾಗ ಇನ್ನೊಂದು ವಿಷಯ: ಎಂಜಿನ್‌ಎಕ್ಸ್‌ನಲ್ಲಿ ಒಳಗಿನ ಬ್ಲಾಕ್‌ನಲ್ಲಿ ಒಂದು ಹೆಡರ್ ಸೇರಿಸಿದರೂ ಸಾಕು, ಹೊರಗೆ ಸೇರಿಸಿದ್ದ ಸೆಕ್ಯುರಿಟಿ ಹೆಡರ್‌ಗಳೆಲ್ಲ ಅಲ್ಲಿಗೆ ಅನ್ವಯಿಸದೇ ಹೋಗುತ್ತವೆ. ಮತ್ತೆ ಬರೆಯಬೇಕು. ಡಿಪ್ಲಾಯ್‌ನಲ್ಲಿ ಮೊದಲು ಹೊಸ ಅಸೆಟ್‌ಗಳು ಎಲ್ಲ ಸರ್ವರ್‌ಗೂ ಹೋಗಲಿ, ಆಮೇಲೆ ಎಚ್‌ಟಿಎಂಎಲ್. ಹಳೆಯ ಫೈಲ್‌ಗಳು ಕೆಲವು ವಾರ ಅಲ್ಲೇ ಇರಲಿ. ಫೈಲ್ ನಕಲಿಸಲು ಆರ್‌ಸಿಂಕ್ ಬಳಸುವವರು ಆ ಫೋಲ್ಡರ್‌ಗೆ ಡಿಲೀಟ್ ಆಪ್ಷನ್ ತೆಗೆಯಿರಿ. ಕೆಲವು ಎಂಬಿ ಜಾಗ ಉಳಿಸಲು ಹೋಗಿ ಅರ್ಜಿ ಅರ್ಧ ತುಂಬಿದವರ ಕೆಲಸ ಕೆಡಿಸುವುದು ಬೇಡ.

ಕಂಪ್ರೆಶನ್ ಬಗ್ಗೆ ಒಂದೇ ಮಾತು. ಎಂಜಿನ್‌ಎಕ್ಸ್‌ನಲ್ಲಿ ಜಿಜಿಪ್ ಆನ್ ಮಾಡಿದರೆ ಎಚ್‌ಟಿಎಂಎಲ್ ಮಾತ್ರ ಕುಗ್ಗುತ್ತದೆ. ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಬಗೆಗಳನ್ನು ಜಿಜಿಪ್ ಟೈಪ್ಸ್‌ನಲ್ಲಿ ನೀವೇ ಬರೆಯಬೇಕು. ಬರೆದಿದ್ದೀರಾ ಅಂತ ಇವತ್ತೇ ನೋಡಿ.

ಇನ್ನು ಜೆಕ್ವೆರಿಯಂಥ ಸಿದ್ಧ ಸ್ಕ್ರಿಪ್ಟ್ ಲೈಬ್ರರಿಗಳನ್ನು ಬೇರೆಯವರ ಸಿಡಿಎನ್‌ನಿಂದ ತರುವುದು. ಬೇರೆ ಸೈಟ್‌ನಲ್ಲಿ ಈಗಾಗಲೇ ಲೋಡ್ ಆಗಿರುತ್ತದೆ, ನಮಗೆ ಫ್ರೀ ಆಗಿ ಸಿಗುತ್ತದೆ ಎಂಬ ವಾದ ಈಗ ನಿಲ್ಲುವುದಿಲ್ಲ. ಕ್ರೋಮ್ 2020ರ 86ನೇ ಆವೃತ್ತಿಯಿಂದ ಪ್ರತಿ ಸೈಟ್‌ಗೂ ಕ್ಯಾಶ್ ಬೇರೆ ಮಾಡಿದೆ, ಸಫಾರಿ ಅದಕ್ಕಿಂತ ಮೊದಲೇ ಮಾಡಿತ್ತು. ಲಾಭ ಹೋಯಿತು, ಅಪಾಯ ಉಳಿಯಿತು. 2024ರಲ್ಲಿ, ಹಳೆಯ ಬ್ರೌಸರ್‌ಗಳಿಗೆ ಬೇಕಾದ ಸ್ಕ್ರಿಪ್ಟ್ ಹಂಚುತ್ತಿದ್ದ ಪಾಲಿಫಿಲ್.ಐಒ ಡೊಮೇನ್ ಬೇರೆಯವರ ಕೈಗೆ ಹೋಗಿ, ಅದನ್ನು ನಂಬಿದ್ದ ಒಂದು ಲಕ್ಷಕ್ಕೂ ಹೆಚ್ಚು ಸೈಟ್‌ಗಳ ಮೂಲಕ ಕೆಟ್ಟ ಕೋಡ್ ಹರಿದಾಡಿತು. ಸ್ಕ್ರಿಪ್ಟ್ ಟ್ಯಾಗ್‌ನಲ್ಲಿ ಹ್ಯಾಶ್ ಬರೆದು ಕಾವಲು ಹಾಕುವ ಇಂಟೆಗ್ರಿಟಿ ಗುಣವೂ ಅಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ, ಏಕೆಂದರೆ ಆ ಫೈಲ್ ಬ್ರೌಸರ್ ನೋಡಿ ಬದಲಾಗುತ್ತಿತ್ತು. ಬೇಕಾದ ಲೈಬ್ರರಿಯನ್ನು ನಿಮ್ಮ ಬಿಲ್ಡ್‌ನಲ್ಲೇ ಸೇರಿಸಿ, ನಿಮ್ಮ ಡೊಮೇನ್‌ನಿಂದಲೇ ಕೊಡಿ.

ಕನ್ನಡ ಸೈಟ್ ಮಾಡುವವರು ಫಾಂಟ್‌ಗೂ ಇದನ್ನೇ ಮಾಡಿ. ಹೆಸರಿನಲ್ಲಿ ಹ್ಯಾಶ್, ಒಂದು ವರ್ಷದ ಹೆಡರ್, ಕುಗ್ಗಿಸಿದ ವಾಫ್2 ಫಾರ್ಮ್ಯಾಟ್. ಫೈಲ್ ಚಿಕ್ಕದಾಗಲಿ ಅಂತ ಫಾಂಟ್‌ನಿಂದ ಬೇಡದ ಆಕಾರಗಳನ್ನು ಕಿತ್ತು ಹಾಕುವಾಗ ಹುಷಾರು: ಒತ್ತಕ್ಷರಗಳ ಆಕಾರಗಳಿಗೆ ತಮ್ಮದೇ ಯುನಿಕೋಡ್ ಸಂಖ್ಯೆ ಇರುವುದಿಲ್ಲ, ಸಂಖ್ಯೆ ನೋಡಿ ಮಾತ್ರ ಆರಿಸಿದರೆ ಅವು ಹೋಗಿ 'ಸ್ತ್ರೀ' ಎಂಬ ಪದ ಒಡೆದು ಕಾಣುತ್ತದೆ. ಒತ್ತಕ್ಷರ ಜೋಡಿಸುವ ಲೇಔಟ್ ಟೇಬಲ್‌ಗಳನ್ನೂ ಉಳಿಸಿಕೊಳ್ಳಿ. ಮತ್ತೆ, ಫಾಂಟ್ ಬೇಗ ಬರಲಿ ಅಂತ ಪ್ರೀಲೋಡ್ ಹಾಕಿದರೆ ಆ ಟ್ಯಾಗ್‌ನಲ್ಲಿ ಕ್ರಾಸ್‌ಆರಿಜಿನ್ ಗುಣವನ್ನು ಜೊತೆಗೆ ಬರೆಯಲೇಬೇಕು, ಫಾಂಟ್ ನಿಮ್ಮದೇ ಡೊಮೇನ್‌ನಲ್ಲಿದ್ದರೂ ಸಹ. ಇಲ್ಲದಿದ್ದರೆ ಅದೇ ಫಾಂಟ್ ಎರಡು ಸಲ ಡೌನ್‌ಲೋಡ್ ಆಗುವುದು ನೆಟ್‌ವರ್ಕ್ ಟ್ಯಾಬ್‌ನಲ್ಲಿ ಕಾಣುತ್ತದೆ.