ಪೆಸಿಫಿಕ್ ದಂಡೆಯಲ್ಲಿ ಅಟ್ಲಾಂಟಿಕ್ ಕಾನ್ಫರೆನ್ಸ್: ಅಮೆರಿಕದ ಕಾಲೇಜು ತಂಡಗಳು ಬಣ ಬದಲಿಸುವುದೇಕೆ?

2023ರ ಆಗಸ್ಟ್ 4ರ ಶುಕ್ರವಾರ, ಅಮೆರಿಕದ ಪಶ್ಚಿಮ ಭಾಗದ ಪ್ಯಾಕ್-12 ಕಾನ್ಫರೆನ್ಸಿನಿಂದ ಒಂದೇ ದಿನ ಐದು ವಿಶ್ವವಿದ್ಯಾಲಯಗಳು ಹೊರಬಿದ್ದವು. ಒರೆಗಾನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್ ಎಂಬ ಇನ್ನೊಂದು ಬಣದ ಕಡೆಗೆ ನಡೆದವು. ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12 ಸೇರಿದವು. ಲಾಸ್ ಏಂಜಲೀಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ ಹಿಂದಿನ ವರ್ಷವೇ ವಿದಾಯ ಹೇಳಿದ್ದವು, ಕೊಲರಾಡೊ ವಾರದ ಹಿಂದೆ. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯೂ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿಗೆ, ಅಂದರೆ ಎಸಿಸಿಗೆ, ಹೊರಟವು. ಅಟ್ಲಾಂಟಿಕ್ ಕರಾವಳಿಯ ಬಣಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸದಸ್ಯರು! 1915ರಲ್ಲಿ ಪೋರ್ಟ್‌ಲ್ಯಾಂಡ್‌ನ ಹೋಟೆಲೊಂದರಲ್ಲಿ ಹುಟ್ಟಿದ್ದ ಬಣದಲ್ಲಿ ಉಳಿದದ್ದು ಎರಡೇ ಹೆಸರು: ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್.

ಇಲ್ಲಿ ಫುಟ್‌ಬಾಲ್ ಎಂದರೆ ಹೆಲ್ಮೆಟ್ ತೊಟ್ಟು ಆಡುವ ಅಮೆರಿಕನ್ ಆಟ. ಎಂಎಸ್ ಮಾಡಲು ಹೋದ ನಮ್ಮ ಹುಡುಗರಿಗೆ ಶನಿವಾರ ಇಡೀ ಊರು ಕ್ರೀಡಾಂಗಣದತ್ತ ಏಕೆ ಹರಿಯುತ್ತದೆ ಎಂಬುದು ಮೊದಲ ಸೆಮಿಸ್ಟರ್‌ನಲ್ಲೇ ತಿಳಿದುಬಿಡುತ್ತದೆ. ಪರಸ್ಪರ ಆಡಲು ಒಪ್ಪಿಕೊಂಡು, ಪ್ರಸಾರದ ಹಣವನ್ನು ಹಂಚಿಕೊಳ್ಳುವ ವಿಶ್ವವಿದ್ಯಾಲಯಗಳ ಕೂಟವೇ ಕಾನ್ಫರೆನ್ಸ್. ಆ ಹಣ ಯಾವ ದಾರಿಯಿಂದ ಬರುತ್ತದೆಯೋ ಆ ದಾರಿಗೆ ಒಗ್ಗುವ ಸದಸ್ಯನೇ ಚೆಂದ. ದಾರಿ ಬದಲಾದಾಗಲೆಲ್ಲ ಚೆಂದದ ಲಕ್ಷಣವೂ ಬದಲಾಗಿದೆ.

ಮೊದಮೊದಲು ಹೀಗಿರಲಿಲ್ಲ. 1896ರಲ್ಲಿ ಬಿಗ್ ಟೆನ್ ರೂಪುಗೊಂಡಾಗ ಅದರ ಹಗ್ಗ ಇದ್ದದ್ದು ಪ್ರಾಧ್ಯಾಪಕರ ಕೈಯಲ್ಲಿ. ರೈಲಿನಲ್ಲಿ ಹೋಗಿಬರುವಷ್ಟು ದೂರ, ಓದಿನಲ್ಲಿ ಸರಿಸಮ ಅಂತಸ್ತು, ಇಷ್ಟಿದ್ದರೆ ಸಾಕಿತ್ತು. ಸ್ಥಾಪಕ ಸದಸ್ಯನಾಗಿದ್ದ ಷಿಕಾಗೊ ವಿಶ್ವವಿದ್ಯಾಲಯ 1939ರಲ್ಲಿ ಫುಟ್‌ಬಾಲನ್ನೇ ನಿಲ್ಲಿಸಿತು, 1946ರಲ್ಲಿ ಕಾನ್ಫರೆನ್ಸಿನಿಂದಲೂ ಹೊರಬಂದಿತು. ಇಂದು ಅಂಥ ನಿರ್ಧಾರವನ್ನು ಊಹಿಸುವುದೂ ಕಷ್ಟ.

ಕಥೆ ತಿರುಗಿದ್ದು ನ್ಯಾಯಾಲಯದಲ್ಲಿ. ಯಾವ ಪಂದ್ಯ ಟಿವಿಯಲ್ಲಿ ಬರಬೇಕೆಂದು ಆವರೆಗೆ ತೀರ್ಮಾನಿಸುತ್ತಿದ್ದುದು ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ. ಎಷ್ಟೇ ದೊಡ್ಡ ತಂಡವಾದರೂ ಎರಡು ವರ್ಷಗಳಲ್ಲಿ ಆರು ಸಲಕ್ಕಿಂತ ಹೆಚ್ಚು ತೆರೆಯ ಮೇಲೆ ಬರುವಂತಿರಲಿಲ್ಲ. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಇದನ್ನು ಪ್ರಶ್ನಿಸಿದವು. 1984ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ಆ ಕಟ್ಟುಪಾಡು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದಿತು. ಭಿನ್ನಮತದ ತೀರ್ಪು ಬರೆದವರು ಬೈರನ್ ವೈಟ್. 1937ರಲ್ಲಿ ಕೊಲರಾಡೊ ಪರ ಆಡಿ ದೇಶದ ಶ್ರೇಷ್ಠ ಆಟಗಾರನ ಪ್ರಶಸ್ತಿಯ ಆಯ್ಕೆಯಲ್ಲಿ ಎರಡನೆಯ ಸ್ಥಾನ ಪಡೆದಿದ್ದ ಅದೇ ವೈಟ್. ಕಾಲೇಜು ಕ್ರೀಡೆಯನ್ನು ಬರಿಯ ವ್ಯಾಪಾರದಂತೆ ನೋಡುವುದು ತಪ್ಪು ಎಂಬುದು ಅವರ ವಾದವಾಗಿತ್ತು. ಪೀಠದಲ್ಲಿ ಆಟದ ಒಳಹೊರಗು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಸೋತ ಪಕ್ಷದಲ್ಲಿದ್ದರು.

ಆಮೇಲೆ ಪ್ರಸಾರದ ಹಕ್ಕು ಮಾರುವವರು ಅವರವರೇ. 1991ರಿಂದ ನೊಟ್ರ ಡಾಮ್ ವಿಶ್ವವಿದ್ಯಾಲಯ ಎನ್‌ಬಿಸಿ ಟಿವಿಯೊಂದಿಗೆ ಒಂಟಿಯಾಗಿ ವ್ಯವಹಾರ ಕುದುರಿಸಿಕೊಂಡಿತು. ದಕ್ಷಿಣದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್, ಅಂದರೆ ಎಸ್‌ಇಸಿ, ಅರ್ಕನ್ಸಾ ಮತ್ತು ಸೌತ್ ಕ್ಯಾರೊಲಿನಾಗಳನ್ನು ಸೇರಿಸಿಕೊಂಡು 12 ಸದಸ್ಯರಾಗಿ, 1992ರಲ್ಲಿ ಕಾನ್ಫರೆನ್ಸಿನದೇ ಫೈನಲ್ ಪಂದ್ಯ ಆಡಿಸಿತು. ಅತ್ತ ಅರ್ಕನ್ಸಾ ಬಿಟ್ಟುಹೋದ ಸೌತ್‌ವೆಸ್ಟ್ ಕಾನ್ಫರೆನ್ಸಿನಲ್ಲಿ ಉಳಿದ ಎಂಟೂ ವಿಶ್ವವಿದ್ಯಾಲಯಗಳು ಟೆಕ್ಸಸ್ ರಾಜ್ಯದವೇ. ಎಂಟು ತಂಡ, ಒಂದೇ ಮಾರುಕಟ್ಟೆ! 1996ರಲ್ಲಿ ಅದು ಮುಚ್ಚಿತು. ನಾಲ್ಕು ತಂಡಗಳು ಹೊಸ ಬಿಗ್ 12ಕ್ಕೆ ಹೋದವು, ಉಳಿದ ನಾಲ್ಕು ಬೀದಿಗೆ ಬಿದ್ದವು.

ನೆರೆಯವನಿರುವುದೇ ಹೊರೆ ಎಂಬ ಈ ಲೆಕ್ಕ ಪೂರ್ತಿ ಬಲಿತದ್ದು ಕೇಬಲ್ ಕಾಲದಲ್ಲಿ. 2007ರಲ್ಲಿ ಬಿಗ್ ಟೆನ್ ತನ್ನದೇ ಚಾನೆಲ್ ತೆರೆಯಿತು. ಪ್ಯಾಕೇಜಿನಲ್ಲಿ ಬರುವ, ಎಂದೂ ನೋಡದ ಚಾನೆಲ್‌ಗೂ ಹಣ ಕಟ್ಟುವ ಕಷ್ಟ ನಮಗೇನೂ ಹೊಸತಲ್ಲ. ಅಲ್ಲಿಯೂ ಅದೇ, ಆದರೆ ಸದಸ್ಯ ವಿಶ್ವವಿದ್ಯಾಲಯವಿರುವ ಪ್ರದೇಶದ ಮನೆಗಳಿಂದ ಸಿಗುವ ದರ ಹೊರಗಿನ ದರದ ಹಲವು ಪಟ್ಟು. ಹಾಗಾಗಿ 2012ರಲ್ಲಿ ರಟ್ಗರ್ಸ್‌ಗೆ ಕರೆ ಹೋಯಿತು. 1869ರಲ್ಲಿ ಪ್ರಿನ್ಸ್‌ಟನ್ ವಿರುದ್ಧ ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ ಆಡಿ 6-4ರಿಂದ ಗೆದ್ದ ಹೆಮ್ಮೆ ಅದಕ್ಕಿತ್ತು, ನಿಜ. ಕರೆದದ್ದು ಮಾತ್ರ ಆ ಹೆಮ್ಮೆಗಲ್ಲ. ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ನಗರದ ಕೇಬಲ್ ಸಂಪರ್ಕಗಳಿಗೆ. ಜೊತೆಗೆ ಬಂದ ಮೇರಿಲ್ಯಾಂಡ್, ವಾಷಿಂಗ್ಟನ್ ಡಿಸಿ ಮತ್ತು ಬಾಲ್ಟಿಮೋರ್‌ನ ಮನೆಗಳನ್ನು ತಂದಿತು. 2014ರಲ್ಲಿ ಎರಡೂ ಸೇರಿದವು. 2016, 2018, 2019 ಈ ಮೂರೂ ವರ್ಷ ರಟ್ಗರ್ಸ್ ಕಾನ್ಫರೆನ್ಸಿನೊಳಗೆ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಅದರಿಂದ ಕೇಬಲ್ ಬಿಲ್ಲೇನೂ ಕಡಿಮೆಯಾಗಲಿಲ್ಲ.

ವಿದ್ವತ್ತಿನ ಮಾತು ಆಗಲೂ ಕೇಳಿಬರುತ್ತಿತ್ತು. ಸಂಶೋಧನಾ ವಿಶ್ವವಿದ್ಯಾಲಯಗಳ ಪ್ರತಿಷ್ಠಿತ ಕೂಟವಾದ ಎಎಯು ಸದಸ್ಯತ್ವವನ್ನು ಬಿಗ್ ಟೆನ್ ತನ್ನ ಕುಲಗೌರವದಂತೆ ಹೇಳಿಕೊಳ್ಳುತ್ತದೆ. ಆದರೆ ನೆಬ್ರಾಸ್ಕ 2011ರಲ್ಲಿ ಬಿಗ್ ಟೆನ್ ಸೇರಿದ ವರ್ಷವೇ ಎಎಯುನಿಂದ ಹೊರಬಿತ್ತು. ಯಾರೂ ಅದನ್ನು ವಾಪಸು ಕಳಿಸಲಿಲ್ಲ.

ಜನ ಕೇಬಲ್ ಕಿತ್ತುಹಾಕತೊಡಗಿದ ಮೇಲೆ ಮನೆಗಳ ಎಣಿಕೆಯ ಬೆಲೆ ಕುಸಿಯಿತು. ಟಿವಿ ಮುಂದೆ ನಿಜವಾಗಿ ಎಷ್ಟು ಮಂದಿ ಕೂರುತ್ತಾರೆ ಎಂಬುದು ಮುಖ್ಯವಾಯಿತು. ದೇಶವೆಲ್ಲ ನೋಡುವ ಹೆಸರುಗಳು ಕೆಲವೇ ಇರುವುದರಿಂದ ಟೆಕ್ಸಸ್ ಮತ್ತು ಒಕ್ಲಹೋಮ 2021ರಲ್ಲಿ ಎಸ್‌ಇಸಿಗೆ ಹೋಗುವುದಾಗಿ ಘೋಷಿಸಿದವು, ಯುಎಸ್‌ಸಿ ಮತ್ತು ಯುಸಿಎಲ್‌ಎ 2022ರ ಜೂನ್‌ನಲ್ಲಿ ಬಿಗ್ ಟೆನ್‌ಗೆ. ಎರಡೇ ತಿಂಗಳಲ್ಲಿ ಬಿಗ್ ಟೆನ್ ಏಳು ವರ್ಷಗಳಿಗೆ 700 ಕೋಟಿ ಡಾಲರ್ ಮೀರಿದ ಒಪ್ಪಂದ ಮಾಡಿಕೊಂಡಿತು. ಬಿಗ್ 12 ಕೂಡ ತಡಮಾಡದೆ ಸಹಿ ಹಾಕಿತು. ಪ್ಯಾಕ್-12 ಮಾತುಕತೆಯಲ್ಲೇ ಕಾಲ ಕಳೆಯಿತು. ಕೊನೆಗೆ ಅದರ ಕೈಗೆ ಬಂದದ್ದು ಚಂದಾದಾರರ ಸಂಖ್ಯೆಯನ್ನು ನೆಚ್ಚಿದ ಆ್ಯಪಲ್‌ನ ಪ್ರಸ್ತಾವ.

ಉಳಿದ ಇಬ್ಬರೇನು ಕಳಪೆಯೇ? ವಾಷಿಂಗ್ಟನ್ ಸ್ಟೇಟ್ 2018ರಲ್ಲಿ 11 ಪಂದ್ಯ ಗೆದ್ದಿತ್ತು, ಒರೆಗಾನ್ ಸ್ಟೇಟ್ 2022ರಲ್ಲಿ 10. ಆದರೆ ಮೊದಲನೆಯದು ಇರುವುದು ಗೋಧಿ ಬೆಳೆಯುವ ಗುಡ್ಡಗಳ ನಡುವಿನ ಪುಲ್‌ಮನ್ ಎಂಬ ಸಣ್ಣ ಊರಿನಲ್ಲಿ. ಸಿಯಾಟಲ್‌ನ ವೀಕ್ಷಕರು ಬೇಕೆಂದರೆ ವಾಷಿಂಗ್ಟನ್ ವಿಶ್ವವಿದ್ಯಾಲಯ ಹೇಗೂ ಇದೆ. ಒರೆಗಾನ್‌ಗೆ ನೈಕಿ ಸಹಸಂಸ್ಥಾಪಕ ಫಿಲ್ ನೈಟ್ ಅವರ ಥೈಲಿ ಇದೆ. ಒರೆಗಾನ್ ಸ್ಟೇಟ್‌ಗೆ ಅಂಥ ದಾತ ಇಲ್ಲ. ನನ್ನ ದೃಷ್ಟಿಯಲ್ಲಿ ಅವುಗಳ ತಪ್ಪು ಒಂದೇ, ರಾಜ್ಯದಲ್ಲಿ ಎರಡನೆಯವರಾಗಿದ್ದದ್ದು. ನ್ಯಾಯಾಲಯದಲ್ಲಿ ಹೋರಾಡಿ ಕಾನ್ಫರೆನ್ಸಿನ ಆಡಳಿತವನ್ನು ಕೈಯಲ್ಲಿ ಉಳಿಸಿಕೊಂಡ ಆ ಇಬ್ಬರು, 2026ರಿಂದ ಆಡಲು ಬೊಯ್ಸಿ ಸ್ಟೇಟ್, ಫ್ರೆಸ್ನೊ ಸ್ಟೇಟ್ ಮುಂತಾದವರನ್ನು ಕರೆತಂದಿದ್ದಾರೆ. ಬೇರೆ ಬಣದಿಂದ ತಂಡ ಸೆಳೆಯುವ ಕಲೆಯನ್ನು ಅವರೂ ಕಲಿತರು.

ಡಲ್ಲಾಸ್‌ನ ಎಸ್‌ಎಂಯು ಹಿಡಿದ ದಾರಿ ಇನ್ನೂ ವಿಚಿತ್ರ. 1996ರಲ್ಲಿ ಬೀದಿಗೆ ಬಿದ್ದ ನಾಲ್ವರಲ್ಲಿ ಅದೂ ಒಂದು. ಎಸಿಸಿಯ ಪ್ರಸಾರ ಹಣದ ಪಾಲು ಒಂಬತ್ತು ವರ್ಷ ಬೇಡವೆಂದು ಒಪ್ಪಿ ಒಳಗೆ ಬಂದಿತು. ಶ್ರೀಮಂತ ಹಳೆವಿದ್ಯಾರ್ಥಿಗಳು ಬೆನ್ನಿಗಿದ್ದರೆ ಅದೂ ಒಂದು ಅರ್ಹತೆ.

ಈಗ ಜಗಳ ಕಾನ್ಫರೆನ್ಸುಗಳ ಒಳಗೇ ಶುರುವಾಗಿದೆ. ಫ್ಲಾರಿಡಾ ಸ್ಟೇಟ್ ಮತ್ತು ಕ್ಲೆಮ್ಸನ್ ತಮ್ಮದೇ ಎಸಿಸಿ ವಿರುದ್ಧ ದಾವೆ ಹೂಡಿದವು. 2025ರ ಮಾರ್ಚ್‌ನಲ್ಲಿ ಆದ ರಾಜಿಯ ಪ್ರಕಾರ, ಹೆಚ್ಚು ವೀಕ್ಷಕರನ್ನು ತರುವ ತಂಡಕ್ಕೆ ಹೆಚ್ಚು ಪಾಲು. ಕಾನ್ಫರೆನ್ಸ್ ಬಿಡುವವರು ತೆರಬೇಕಾದ ಶುಲ್ಕವೂ ವರ್ಷದಿಂದ ವರ್ಷಕ್ಕೆ ಇಳಿದು 2030-31ಕ್ಕೆ 7.5 ಕೋಟಿ ಡಾಲರ್ ಆಗುತ್ತದೆ. ಬಿಗ್ ಟೆನ್‌ನ ಈಗಿನ ಪ್ರಸಾರ ಒಪ್ಪಂದ 2030ರಲ್ಲಿ ಮುಗಿಯುತ್ತದೆ, ಬಿಗ್ 12ರದ್ದು 2031ರಲ್ಲಿ.